ಒಳಗಿನ ಬಿಳಿ ಗರಿ

"ಉಪದೇಶಿಗಳೇ, ದೇವರು ಮಾಡಿದ್ದನ್ನು ಹಾಳು ಮಾಡಬಾರದು ಅಂತ ಮಗುವಿಗೆ ಎಷ್ಟು ಸಲ ಹೇಳಬೇಕು?"

ಕೇಳಿದವನು ಚೌರಪ್ಪ. ಭಾನುವಾರದ ಧರ್ಮಪಾಠ ಮುಗಿದು ಮಕ್ಕಳು ಮನೆಗೆ ಹೋಗಿದ್ದರು. ಉಪದೇಶಿ ಇನ್ನಾಸಪ್ಪನವರು ಚರ್ಚಿನ ಜಗಲಿಯಲ್ಲಿ ಕುಳಿತಿದ್ದರು. ಆ ಊರಿನ ಮಕ್ಕಳಿಗೆ ನಲವತ್ತು ವರ್ಷ ಪಾಠ ಹೇಳಿದವರು ಅವರು. ಚೌರಪ್ಪ ಎರಡು ವರ್ಷದಿಂದ ಅವರ ಬಳಿ ಆ ಕೆಲಸ ಕಲಿಯುತ್ತಿದ್ದ.

"ಏನಾಯಿತು?" ಎಂದರು ಉಪದೇಶಿ.

"ನನ್ನ ಮಗಳು ಸೆಲಿನ. ಎಂಟು ವರ್ಷ. ಸೃಷ್ಟಿಯ ಪಾಠ ಪೂರ್ತಿ ಬಾಯಿಗೆ ಬರುತ್ತೆ, ಒಂದಕ್ಷರ ತಪ್ಪಲ್ಲ. ನಿನ್ನೆ ಮನೆಯ ಕಸವನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಕೆರೆಗೆ ಸುರಿದು ಬಂದಿದ್ದಾಳೆ. ಹೋದ ವರ್ಷ ಹಬ್ಬದ ಊಟ ಆದಮೇಲೆ ಪ್ಲಾಸ್ಟಿಕ್ ಲೋಟಗಳನ್ನು ಗಾಡಿಯಲ್ಲಿ ತುಂಬಿ ನಾನು ಸುರಿದು ಬಂದೆನಲ್ಲ, ಅದೇ ತೂಬಿನ ಪಕ್ಕದಲ್ಲಿ. ಎರಡು ಬಾರಿಸಿದೆ. ಅತ್ತಳು. ಆದರೆ ಯಾಕೆ ಹೊಡೆದೆ ಅನ್ನೋದು ಅವಳಿಗೆ ತಿಳಿದ ಹಾಗೆ ಕಾಣಲಿಲ್ಲ. ನೂರು ಸಲ ಹೇಳಿದ್ದೇನೆ, ಉಪದೇಶಿಗಳೇ. ಇನ್ನೆಷ್ಟು ಸಲ?"

ಉಪದೇಶಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಅವನಿಗೆ ಒಬ್ಬಳೇ ಮಗಳು. ಒಂದು ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ, ಅವಳಿಗೆ ಜ್ವರ ಬಂತು. ಇಪ್ಪತ್ತು ದಿನ ಇಳಿಯಲಿಲ್ಲ. ಇಪ್ಪತ್ತನೆಯ ದಿನ ಅವನು ಶಿಲುಬೆಯ ಮುಂದೆ ಮೊಣಕಾಲೂರಿ ಹರಕೆ ಹೊತ್ತ. ಮಗು ಎದ್ದು ಕೂತರೆ, ಗರಿಗಳ ಭಾನುವಾರ ಅವಳ ಕೈಯಲ್ಲಿ ಊರಿನಲ್ಲೇ ಅತಿ ಬಿಳಿಯ ಗರಿ ಹಿಡಿಸುತ್ತೇನೆ ಎಂದ.

ಸ್ವಾಮಿ ಊರೊಳಗೆ ಬಂದದ್ದನ್ನು ನೆನೆದು ಆ ಭಾನುವಾರ ಮಾಡುವ ಗರಿಗಳ ಮೆರವಣಿಗೆಗೆ ಆ ಊರಿನವರು ಹಳ್ಳದ ದಡದ ಈಚಲು ಮರಗಳಿಂದ ಗರಿ ತರುತ್ತಿದ್ದರು. ಹಸಿರು ಗರಿ ಒರಟು, ಅದರ ಬುಡದಲ್ಲಿ ಮುಳ್ಳು. ಇನ್ನೂ ಬಿಚ್ಚಿಕೊಳ್ಳದ ಎಳೆ ಗರಿ ಬಿಳಿ, ಮೆತ್ತಗೆ. ಅದರಿಂದ ಶಿಲುಬೆ ಹೆಣೆಯುವುದು ಸುಲಭ. ಬಿಚ್ಚಿಕೊಳ್ಳಲು ಬಂದ ಹೊರಗಿನ ಒಂದು ಎಳೆ ಗರಿಯನ್ನು ಮಾತ್ರ ಹಿರಿಯರು ಕೀಳುತ್ತಿದ್ದರು. ಅದರ ಒಳಗಿನದ್ದು ಇನ್ನೂ ಬಿಳಿ. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮಗಳ ಜ್ವರ ಇಳಿಯಿತು. ಶನಿವಾರ ಅವನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳಕ್ಕೆ ಹೋದ. ಅವಳನ್ನು ಕಲ್ಲಿನ ಮೇಲೆ ಕೂರಿಸಿ ಎಲ್ಲಕ್ಕಿಂತ ಎತ್ತರದ ಮರ ಹತ್ತಿದ. ಗೀಜಗಗಳು ವರ್ಷವೂ ಗೂಡು ಕಟ್ಟುತ್ತಿದ್ದ ಮರ ಅದು. ಕೆಳಗೆ ಒಬ್ಬ ಮುದುಕಿ ಚಾಪೆ ಹೆಣೆಯಲು ಗರಿ ಆಯುತ್ತಿದ್ದಳು.

"ಅಷ್ಟು ಒಳಕ್ಕೆ ಕೈ ಹಾಕಬೇಡವೋ, ಅದಕ್ಕಿರೋದು ಒಂದೇ ತಲೆ" ಎಂದು ಕೂಗಿದಳು ಮುದುಕಿ.

"ಹರಕೆ, ಅಜ್ಜಿ. ದೇವರಿಗೆ ಕೊಡುವಾಗ ಜಿಪುಣತನ ಮಾಡಬಾರದು."

"ದೇವರು ಕೇಳಿದನೇನೋ? ಮಾತು ಕೊಟ್ಟವನು ನೀನು, ತಲೆ ಕೊಡೋದು ಮರ. ಚೆನ್ನಾಗಿದೆ ನಿನ್ನ ಹರಕೆ!"

ಅವನು ನಕ್ಕ. ಬುಡದವರೆಗೆ ಕೈ ಇಳಿಸಿ ಮಚ್ಚಿನಿಂದ ಕೊಯ್ದ. ಮರುದಿನ ಮೆರವಣಿಗೆಯಲ್ಲಿ ಅವನ ಮಗಳ ಗರಿಯನ್ನು ಎಲ್ಲರೂ ತಿರುಗಿ ನೋಡಿದರು. ಅದು ಹಾಲಿನಷ್ಟು ಬಿಳಿಯಾಗಿತ್ತು. ಅವನಿಗೆ ಕಣ್ಣು ತುಂಬಿ ಬಂತು. ಮನೆಗೆ ಬಂದು ಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿದ.

ಸುಳಿ ಕೊಯ್ದ ಈಚಲು ಮರ ಸತ್ತದ್ದು ಕೂಡಲೇ ಕಾಣುವುದಿಲ್ಲ. ಹಳೆಯ ಗರಿಗಳು ಹಸಿರಾಗಿಯೇ ಇರುತ್ತವೆ. ಮಳೆಗಾಲ ಬಂತು. ನಡುವಿನಿಂದ ಹೊಸ ಗರಿ ಬರಲಿಲ್ಲ. ಗೀಜಗಗಳು ಬಂದವು, ನಾಲ್ಕು ದಿನ ಹೆಣೆದವು, ಅರ್ಧಕ್ಕೆ ಬಿಟ್ಟು ಹೋದವು.

"ಯಾಕಪ್ಪ ಹೋದವು?" ಎಂದು ಮಗಳು ಕೇಳಿದಳು. ಜ್ವರ ಬಿಟ್ಟ ಮೇಲೆ ಅವಳು ದಿನವೂ ಆ ಮರ ನೋಡಲು ಬರುತ್ತಿದ್ದಳು.

ಅವನಿಗೆ ಗೊತ್ತಿತ್ತು. "ಈ ಸಲ ಮಳೆ ಸರಿಯಾಗಿ ಆಗಲಿಲ್ಲವಲ್ಲ, ಅದಕ್ಕೆ" ಎಂದ. ಆಗ ಇಬ್ಬರ ಕಾಲೂ ಹಳ್ಳದ ನೀರಿನಲ್ಲಿ ಮೊಣಕಾಲವರೆಗೆ ಮುಳುಗಿದ್ದವು. ಮಗಳು ನೀರನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮತ್ತೆ ಕೇಳಲಿಲ್ಲ.

ಕ್ರಿಸ್ಮಸ್ಸಿನ ಹೊತ್ತಿಗೆ ಮರ ಬೋಳು ಕಂಬವಾಯಿತು. ಅವನು ಪಾಪನಿವೇದನೆಗೆ ಹೋಗಿ ಚರ್ಚಿನ ಗುರುಗಳಿಗೆ ಎಲ್ಲವನ್ನೂ ಹೇಳಿಕೊಂಡ. ಮರದ ವಿಷಯ ಹೇಳಿದ, ಸುಳ್ಳಿನ ವಿಷಯವನ್ನೂ ಹೇಳಿದ. ಗುರುಗಳು ಕ್ಷಮೆ ನುಡಿದರು. ಮನಸ್ಸು ಹಗುರವಾಯಿತು. ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಇದ್ದಳು. ಅವಳಿಗೆ ಏನೂ ಹೇಳಲಿಲ್ಲ. ಮಕ್ಕಳ ಮುಂದೆ ಅಪ್ಪ ಚಿಕ್ಕವನಾಗಬಾರದು ಎಂದುಕೊಂಡ.

ಹಾಗೆಂದು ಅವನು ಕೈಕಟ್ಟಿ ಕೂರಲಿಲ್ಲ. ಸತ್ತ ಮರದ ಬುಡದಲ್ಲಿ ತಾವಾಗಿಯೇ ಹುಟ್ಟಿದ ಮೂರು ಎಳೆಯ ಈಚಲುಗಳಿದ್ದವು, ಸೊಂಟದೆತ್ತರ. ಅವನು ಅವುಗಳ ಸುತ್ತ ಮುಳ್ಳುಬೇಲಿ ಕಟ್ಟಿದ. ಮಗಳ ಕೈಗೆ ಚೊಂಬು ಕೊಟ್ಟು, "ಇವೂ ದೇವರ ಮಕ್ಕಳೇ, ಪ್ರೀತಿಯಿಂದ ನೋಡಿಕೋ" ಎಂದ. ಊಟಕ್ಕೆ ಮುಂಚಿನ ಪ್ರಾರ್ಥನೆಗೆ ಗಿಡಮರಗಳ ಹೆಸರನ್ನೂ ಸೇರಿಸಿದ. ಮಗಳು ಒಂದು ದಿನವೂ ನೀರು ತಪ್ಪಿಸಲಿಲ್ಲ.

ಮತ್ತೆ ತಪಸ್ಸುಕಾಲ ಬಂತು. ಪದ್ಧತಿಯಂತೆ ಹೋದ ವರ್ಷದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಬೂದಿ ಬುಧವಾರದಂದು ಎಲ್ಲರ ಹಣೆಗೂ ಹಚ್ಚಿದರು. ಅದರಲ್ಲಿ ಅವನ ಮನೆಯ ಬಿಳಿ ಗರಿಯೂ ಇತ್ತು. ಮಗಳ ಹಣೆಯ ಮೇಲಿನ ಬೂದಿಯನ್ನು ಅವನು ಬಹಳ ಹೊತ್ತು ನೋಡಿದ. ಆಗಲೂ ಹೇಳಲಿಲ್ಲ.

ಗರಿಗಳ ಭಾನುವಾರದ ಹಿಂದಿನ ಸಂಜೆ ಅವನು ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಮಗಳು ಓಡಿ ಬಂದಳು. ಮೊಣಕೈವರೆಗೆ ಮುಳ್ಳು ಗೀರಿ ರಕ್ತ ಬಂದಿತ್ತು. ಮುಖ ಮಾತ್ರ ಹಬ್ಬದಂತಿತ್ತು. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಮೂರು ಬಿಳಿ ಗರಿಗಳು.

"ಅಪ್ಪ, ಇದು ನಿಂಗೆ, ಇದು ಅಮ್ಮನಿಗೆ, ಇದು ನಂಗೆ. ನಮ್ಮ ಗಿಡಗಳಲ್ಲಿ ಹೊರಗಿಂದು ಮುಟ್ಟೇ ಇಲ್ಲ. ಒಳಗಿಂದೇ ಕೊಯ್ದೆ, ನೀನು ಕೊಯ್ದ ಹಾಗೆ."

ಅವನ ಕೈ ಮೇಲೆ ಹೋಯಿತು. ಆ ಕೈ ಯಾಕೆ ಮೇಲೆ ಹೋಗಿದೆ ಎಂಬುದು ಅವಳಿಗೆ ತಿಳಿಯಲಿಲ್ಲ. ಶಹಭಾಸ್ ಎಂದು ಬೆನ್ನು ತಟ್ಟುತ್ತಾನೆ ಎಂದುಕೊಂಡು ನಗುತ್ತಲೇ ನಿಂತಿದ್ದಳು.

ಆ ನಗು ನೋಡಿ ಅವನ ಕೈ ಇಳಿಯಿತು. ಅಲ್ಲೇ ಒದ್ದೆ ನೆಲದ ಮೇಲೆ, ಅವಳ ಮುಂದೆ ಮೊಣಕಾಲೂರಿದ. ದೇವರ ಮುಂದೆ ಊರುವುದಕ್ಕಿಂತ ಅದು ಅವನಿಗೆ ಕಷ್ಟವಾಗಿತ್ತು.

"ಮಗಳೇ, ಗೀಜಗದ ಮರ ಸತ್ತದ್ದು ಮಳೆ ಇಲ್ಲದೆ ಅಲ್ಲ. ನಾನು ಅದರ ತಲೆ ಕೊಯ್ದೆ. ಅಜ್ಜಿ ಬೇಡ ಅಂದಳು, ಕೇಳಲಿಲ್ಲ. ನೀನು ಕೇಳಿದಾಗ ಸುಳ್ಳು ಹೇಳಿದೆ. ನನ್ನದು ತಪ್ಪು."

ಅವಳ ನಗು ಹೋಯಿತು. ಕೈಯಲ್ಲಿದ್ದ ಗರಿಗಳನ್ನು ನೋಡಿದಳು. "ಹಾಗಾದ್ರೆ ಈ ಮೂರೂ ಸಾಯ್ತಾವಾ?"

ಈ ಸಲ ಅವನು ಸುಳ್ಳು ಹೇಳಲಿಲ್ಲ. "ಸಾಯ್ತಾವೆ" ಎಂದ.

ಅವಳು ಅತ್ತಳು. ಅವನೂ ಅತ್ತ. ಒಬ್ಬರಿಗೊಬ್ಬರು ಸಮಾಧಾನ ಹೇಳಲಿಲ್ಲ.

ಮರುದಿನ ಮೆರವಣಿಗೆಗೆ ಅವರಿಬ್ಬರೂ ಬಿಳಿ ಗರಿ ತರಲಿಲ್ಲ. ಬೇರೊಂದು ಮರದಿಂದ ತಾವಾಗಿ ಕಳಚಿ ಬಿದ್ದ, ಅರ್ಧ ಒಣಗಿದ ಗರಿಗಳನ್ನು ಹಿಡಿದು ಬಂದರು.

"ಏನಯ್ಯಾ ಮೇಸ್ತ್ರಿ, ಸ್ವಾಮಿ ಬರೋ ದಾರಿ ಗುಡಿಸೋಕೆ ಪೊರಕೆ ತಂದೆಯಾ?" ಎಂದು ಒಬ್ಬ ಕೇಳಿದ. ಸುತ್ತಲಿದ್ದವರು ನಕ್ಕರು.

ಅವನು ಗರಿಯನ್ನು ಬೆನ್ನ ಹಿಂದಕ್ಕೆ ಸರಿಸಿದ. ಅಷ್ಟರಲ್ಲಿ ಮಗಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮಪ್ಪ ಒಂದು ಮರ ಕೊಂದಿದ್ದಾರೆ. ನಾನು ಮೂರು. ಅದಕ್ಕೇ ನಮಗೆ ಇದು."

ನಗು ನಿಂತಿತು. ಬಿಳಿ ಗರಿ ಹಿಡಿದಿದ್ದ ಕೆಲವರು ತಮ್ಮ ಗರಿಯ ಬುಡವನ್ನು ತಿರುಗಿಸಿ ನೋಡಿಕೊಂಡರು. ಅವನಿಗೆ ನಾಚಿಕೆಯಾಯಿತು. ಆದರೂ ಮಗಳ ಕೈ ಬಿಡಲಿಲ್ಲ.

ಮೂರರಲ್ಲಿ ಎರಡು ಗಿಡ ಒಣಗಿದವು. ಮಳೆಗಾಲದಲ್ಲಿ ಮೂರನೆಯದರ ನಡುವಿನಿಂದ ಒಂದು ಸೊಟ್ಟ ಗರಿ ಹೊರಬಂತು. ಅದರಲ್ಲಿ ಅವಳ ಚಿಕ್ಕ ಕೈ ಬುಡದವರೆಗೆ ಹೋಗಿರಲಿಲ್ಲ. ಅಪ್ಪ ಮಗಳು ಇಬ್ಬರೂ ಬೇಲಿಯ ಹೊರಗೆ ಕೂತು ಅದನ್ನು ನೋಡಿದರು. ಅವಳು ನೀರು ಹಾಕಿದಳು. ಹಾಕು ಎಂದು ಅವನು ಹೇಳಿರಲಿಲ್ಲ.

ಉಪದೇಶಿ ಕತೆ ನಿಲ್ಲಿಸಿದರು. ಪಾಠದ ಪುಸ್ತಕಗಳನ್ನು ಜೋಡಿಸಿ ಚೀಲಕ್ಕೆ ಹಾಕಿದರು.

ಚೌರಪ್ಪ ಕಾದ. ಕತೆ ಚೆನ್ನಾಗಿತ್ತು. ಆದರೆ ತಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ ಎನ್ನಿಸಿತು.

"ನಾನು ಕೇಳಿದ್ದು ಅದಲ್ಲ, ಉಪದೇಶಿಗಳೇ. ಸೆಲಿನಳಿಗೆ ಇನ್ನೆಷ್ಟು ಸಲ ಹೇಳಬೇಕು?"

"ಒಂದೇ ಸಲ ಸಾಕು, ಚೌರಪ್ಪ, ತೂಬಿನ ಹತ್ತಿರ ಮೊದಲು ಸುರಿದವನು ನೀನು ಅಂತ."