ಕೊಳಗದ ತಲೆಯಿಂದ ಬಿದ್ದ ಕಾಳು

“ಕೇಳಿರಪ್ಪೋ ಕೇಳಿರಿ! ತೂಗೂರಿನ ಸಮವರ್ಮ ಮಹಾರಾಜರ ಅಪ್ಪಣೆ! ಬರುವ ಹುಣ್ಣಿಮೆಗೆ ಪ್ರತಿ ಊರಿನ ಶಾಲೆಯೂ ಹನ್ನೆರಡು ತುಂಬಿದ ಒಂದು ಮಗುವನ್ನು ಅರಮನೆಗೆ ಕಳಿಸಬೇಕು. ಎಲ್ಲರಿಗೂ ಅದೇ ಮೂರು ಒಗಟು, ಅದೇ ಅಳತೆ! ಗೆದ್ದ ಮಗುವಿಗೆ ಪಲ್ಲಕ್ಕಿ. ಸೋತ ಮಗು ಇನ್ನು ಓಲೆಗರಿ ಮುಟ್ಟುವಂತಿಲ್ಲ. ಅದರ ಶಾಲೆಗೆ ಬೀಗ, ಗುರುವಿಗೆ ಗಡೀಪಾರು!”

ಸಮವರ್ಮ ಕೆಟ್ಟ ರಾಜನೇನಲ್ಲ. ಕಾಳು ಅಳೆಯುವ ಕೊಳಗ ಅಂಗಡಿಗೊಂದು ಗಾತ್ರವಿದ್ದ ಕಾಲದಲ್ಲಿ ನಾಡಿಗೆಲ್ಲ ಒಂದೇ ಗಾತ್ರದ ಮುದ್ರೆಯ ಕೊಳಗ ಮಾಡಿಸಿ ಮೋಸ ನಿಲ್ಲಿಸಿದವನು. ಜನ ಹೊಗಳಿದರು. ಹೊಗಳಿಕೆ ತಲೆಗೇರಿತು. ಕಾಳನ್ನು ಅಳೆದಾಯಿತು, ಇನ್ನು ಮಕ್ಕಳನ್ನೇಕೆ ಬಿಡಬೇಕು ಅನ್ನಿಸಿತು. ಒಂದು ಮಾತು ಮಾತ್ರ ಒಪ್ಪಬೇಕು, ಅರಮನೆಯ ಶಾಲೆಯಿಂದ ತನ್ನ ಒಬ್ಬನೇ ಮಗ ಹೇಮಾಂಗನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ.

ಕರಿಗುಂದ ಎಂಬ ಊರಲ್ಲಿ ಡಂಗುರ ಕೇಳಿದ ಮರುದಿನವೇ ಜಾಣ ಮಕ್ಕಳಿಗೆಲ್ಲ ಜ್ವರ ಬಂತು. ಅವರ ಅಪ್ಪಂದಿರು ಹಾಗೆಂದರು, ನಾವೂ ನಂಬೋಣ. ಉಳಿದವಳು ತಂಗೆವ್ವ, ಸುಗ್ಗಿಯಲ್ಲಿ ಕಣ ಸಾರಿಸುವ ಗಂಗವ್ವನ ಮಗಳು. ಶಾಲೆಯಲ್ಲಿ ಉತ್ತರ ಹೇಳಲು ಎಲ್ಲರಿಗಿಂತ ತಡ ಮಾಡುವವಳು ಅವಳೇ. ಗುರು ಚೆನ್ನವೀರಯ್ಯ ಊರ ಗಡಿಯವರೆಗೆ ಬಂದು ಬೀಳ್ಕೊಟ್ಟರು. ಅವರ ಬಟ್ಟೆಯ ಗಂಟು ಬಗಲಲ್ಲೇ ಇತ್ತು.

“ಗಂಟು ಯಾಕ್ರೀ ಅಯ್ಯನೋರ?”

“ಗಡೀಪಾರಾದ್ರ ಮತ್ತ ಊರೊಳಗ ಹೋಗಿ ಬರೋದು ತಪ್ತೈತಿ,” ಎಂದು ಅಯ್ಯನವರು ನಕ್ಕರು. “ನೀ ಹೆದರಬ್ಯಾಡ. ಅವಸರ ಮಾಡಬ್ಯಾಡ. ನೀ ಕಂಡದ್ದನ್ನ ಹೇಳು, ಸಾಕು.”

ಅವರು ನಕ್ಕದ್ದೇ ತಂಗೆವ್ವನಿಗೆ ಅಳು ತರಿಸಿತು. ದಾರಿಯುದ್ದಕ್ಕೂ ಆ ಗಂಟು ಕಣ್ಣಮುಂದೆ ಇತ್ತು.

ಅರಮನೆಯ ಅಂಗಳದಲ್ಲಿ ಮಕ್ಕಳ ಸಾಲು. ಮೊದಲೆರಡು ಒಗಟಿನ ಉತ್ತರವನ್ನು ಮಂತ್ರಿಯ ಕಿವಿಯಲ್ಲಿ ಹೇಳಬೇಕು. ತಪ್ಪಿದವರು ಗೋಡೆಯ ಬದಿಗೆ ಹೋಗಿ ನಿಲ್ಲಬೇಕು. ರಾಜ ಗಟ್ಟಿಯಾಗಿ ಕೇಳಿದ: “ಮನೆಮನೆಗೂ ಹೋಗಿ ಹೊಟ್ಟೆ ತುಂಬ ತಿನ್ನುತ್ತಾನೆ. ತಿಂದದ್ದನ್ನು ಒಂದು ಕಾಳೂ ಕೆಡದ ಹಾಗೆ ಹೊರಗೆ ಸುರಿಯುತ್ತಾನೆ. ಯಾರವನು?”

ಬಹಳ ಮಕ್ಕಳು ಬೀಸುಕಲ್ಲು ಎಂದರು. ಬೀಸುಕಲ್ಲು ಕಾಳನ್ನು ಹಿಟ್ಟು ಮಾಡುತ್ತದೆ ಎಂದು ಅವಸರದಲ್ಲಿ ಮರೆತರು. ಗೋಡೆಯ ಬದಿ ತುಂಬಿತು. ತಂಗೆವ್ವ ಯೋಚಿಸಿ ಯೋಚಿಸಿ, ಮಂತ್ರಿಗೆ ಆಕಳಿಕೆ ಬಂದ ಮೇಲೆ, “ಕೊಳಗ ರೀ,” ಎಂದಳು.

ರಾಜ ಎರಡನೆಯದನ್ನು ಕೇಳಿದ: “ಎಣಿಕೆಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಾನೆ. ರಾಶಿಯ ಮುಂದೆ ಮಾತ್ರ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಯಾರವನು?”

ಪಂಡಿತರ ಬಳಿ ಪಾಠ ಹೇಳಿಸಿಕೊಂಡ ಪಟ್ಟಣದ ಮಕ್ಕಳು ಸೊನ್ನೆ ಎಂದರು. ರಾಜಕುಮಾರನೂ ಸೊನ್ನೆ ಎಂದ. ಪಾಪ, ಅವನು ಕಣ ನೋಡಿದವನಲ್ಲ. ತಲೆ ತಗ್ಗಿಸಿ ಗೋಡೆಯತ್ತ ನಡೆದ ಮಗನನ್ನು ರಾಜ ತಿರುಗಿಯೂ ನೋಡಲಿಲ್ಲ.

“ಒಂದು ರೀ,” ಎಂದಳು ತಂಗೆವ್ವ. “ರಾಶಿ ಅಳೆಯೋವಾಗ ನಾವು ಒಂದು ಅನ್ನಂಗಿಲ್ಲ, ಲಾಭ ಅಂತೀವಿ. ಲಾಭ, ಎರಡು, ಮೂರು... ಹಂಗ.”

ಮೂರನೆಯದಕ್ಕೆ ಉಳಿದವರು ಮೂವರೇ. ಇದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ಉತ್ತರ ಬರೆದ ಓಲೆ ಮಂತ್ರಿಯ ಕೈಯಲ್ಲಿ ಮುಚ್ಚಿಕೊಂಡಿತ್ತು.

“ನನ್ನ ಕೊಳಗದಲ್ಲಿ ಕಾಳು ತುಂಬಿ, ಕೋಲಿನಿಂದ ತಲೆ ಸವರಿದಾಗ ಹೆಚ್ಚಿನ ಕಾಳು ಕೆಳಗೆ ಬೀಳುತ್ತದೆ. ಅದು ಯಾರದು?”

“ರಾಶಿಯ ಒಡೆಯನದು,” ಎಂದ ಒಬ್ಬ. ತಪ್ಪು. “ಮಹಾಪ್ರಭುಗಳದು,” ಎಂದು ಇನ್ನೊಬ್ಬಳು ಬಗ್ಗಿ ನಮಸ್ಕರಿಸಿದಳು. ಅದೂ ತಪ್ಪು.

ಈಗ ತಂಗೆವ್ವನ ಸರದಿ. ರಾಜನಿಗೆ ಯಾವ ಉತ್ತರ ಇಷ್ಟವೋ ಅವಳಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಅವ್ವನ ಉಡಿ, ಅಷ್ಟೇ.

“ಅದು ಕಣದ್ದು ರೀ. ಬಿದ್ದ ಕಾಳನ್ನ ತಿರುಗಿ ರಾಶಿಗೆ ಹಾಕಂಗಿಲ್ಲ. ಗುಬ್ಬಿಗೆ ಒಂದಿಷ್ಟು, ಕಣ ಸಾರಿಸೋ ನಮ್ಮವ್ವನ ಉಡಿಗೆ ಒಂದಿಷ್ಟು. ನಾ ಅದನ್ನ ಉಂಡು ಬೆಳೆದಾಕಿ.”

ಮಂತ್ರಿ ಓಲೆ ಬಿಚ್ಚಿ ಓದಿದ: “ಯಾರದೂ ಅಲ್ಲ.” ರಾಜ ಗೋಡೆಯತ್ತ ಬೆರಳು ತೋರಿಸಿದ.

ತಂಗೆವ್ವ ಕದಲಲಿಲ್ಲ. ಅಯ್ಯನವರ ಗಂಟು ನೆನಪಾಗಿ ಅವಳಿಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಗಿತ್ತು.

“ಹೋಗ್ತೀನ್ರಿ. ಆದ್ರ ಒಂದು ಮಾತು. ನಿಮ್ಮ ಕೋಲಿಗೆ ಬಿದ್ದ ಕಾಳು ಅಲ್ಲೇ ಗ್ವಾಡಿಗೆ ನಿಂತಾವು. ಅವೂ ಯಾರದೂ ಅಲ್ಲೇನ್ರಿ?”

ರಾಜ ಗೋಡೆಯತ್ತ ನೋಡಿದ. ಮಕ್ಕಳ ನಡುವೆ ಹೇಮಾಂಗ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಸಮವರ್ಮ ಸಿಂಹಾಸನದಿಂದ ಇಳಿದು ಹೋಗಿ ಮಗನ ಹೆಗಲ ಮೇಲೆ ಕೈಯಿಟ್ಟ.

“ಇವನು ನನ್ನವನು,” ಎಂದ. ಉಳಿದ ಮಕ್ಕಳನ್ನೂ ನೋಡಿ, “ಇವರೆಲ್ಲ ನನ್ನವರು. ಮಂತ್ರಿಗಳೇ, ಓಲೆಯಲ್ಲಿರುವುದೇ ತಪ್ಪು. ತಿದ್ದಿ.”

ಅವತ್ತು ಒಂದು ಶಾಲೆಗೂ ಬೀಗ ಬೀಳಲಿಲ್ಲ, ಓಲೆಗರಿ ಯಾವ ಮಗುವಿನ ಕೈಯನ್ನೂ ಬಿಡಲಿಲ್ಲ. ಒಗಟು ಕೇಳುವುದನ್ನು ರಾಜ ನಿಲ್ಲಿಸಲಿಲ್ಲ ಅನ್ನಿ, ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ? ಆದರೆ ಅಂದಿನಿಂದ ಸೋತವರನ್ನು ಕೂರಿಸಿಕೊಂಡು ಮತ್ತೆ ಕಲಿಸಬೇಕೆಂದು ಅಪ್ಪಣೆಯಾಯಿತು.

ಗೆದ್ದವಳು ತಂಗೆವ್ವನೇ ಎಂದು ರಾಜ ಕೊಟ್ಟ ಪಲ್ಲಕ್ಕಿ ಕರಿಗುಂದದ ಗಡಿಗೆ ಬಂದಾಗ ಚೆನ್ನವೀರಯ್ಯನವರು ಇನ್ನೂ ಗಂಟು ಹಿಡಿದೇ ಕೂತಿದ್ದರು. ತಂಗೆವ್ವ ಕೆಳಗೆ ಹಾರಿ, ಬೇಡಬೇಡವೆಂದರೂ ಕೇಳದೆ ಗುರುವನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ಗಂಟನ್ನು ತಾನು ತಲೆಯ ಮೇಲೆ ಹೊತ್ತು ಮುಂದೆ ನಡೆದಳು. ಜ್ವರ ಬಂದ ಮಕ್ಕಳೆಲ್ಲ ನೋಡಲು ಓಡಿ ಬಂದರು. ಗಂಗವ್ವ ಕಣದ ಮಧ್ಯೆ ನಿಂತು, “ಆಕಿ ನನ್ನ ಮಗಳು!” ಎಂದು ಕಂಡಕಂಡವರಿಗೆ ಹೇಳಿದಳು. ಗೊತ್ತಿದ್ದವರಿಗೂ ಹೇಳಿದಳು.

ಮುಂದಿನ ಸುಗ್ಗಿಯಲ್ಲಿ ಕರಿಗುಂದದ ಕಣದಲ್ಲಿ ರಾಶಿ ಅಳೆಯಲು ಕೂತರು. ಮೊದಲ ಕೊಳಗ ಎತ್ತಿದ ಮುದುಕ ಒಂದು ಅನ್ನಲಿಲ್ಲ, ಲಾಭ ಅಂತಲೂ ಅನ್ನಲಿಲ್ಲ. ಊರಿಗೆಲ್ಲ ಕೇಳುವಂತೆ ಕೂಗಿದ:

“ತಂಗೆವ್ವ! ಎರಡು! ಮೂರು!”