ಹರಿಗೋಲಿನ ಪರೀಕ್ಷೆ

ತುಂಗಭದ್ರೆಯ ದಂಡೆಯ ಒಂದು ಆಶ್ರಮಶಾಲೆಯಲ್ಲಿ ದಾನಮ್ಮ ಅಕ್ಕೋರು ಎಂಬ ಹಿರಿಯ ಗುರುಗಳಿದ್ದರು; ಶಾಲೆಯ ಹೊಣೆಯೂ ಅವರದೇ. ಮಕ್ಕಳಿಗಿಂತ, ಮಕ್ಕಳಿಗೆ ಕಲಿಸುವವರಿಗೆ ಅವರು ಕಲಿಸಿದ್ದೇ ಹೆಚ್ಚು.

ಅವರ ಶಿಷ್ಯ ವಿರೂಪಣ್ಣ ಆ ವರ್ಷ ಮೊದಲ ಸಲ ಮೂರನೆಯ ತರಗತಿ ನಡೆಸಿದ್ದ. ವರ್ಷದ ಕೊನೆಗೆ ದಾಖಲೆ ಪುಸ್ತಕ ಹಿಡಿದು ಗುರುವಿನ ಮುಂದೆ ಕುಳಿತ. ಮುಖದಲ್ಲಿ ಒಂದಿಷ್ಟು ಜಂಬವೂ ಇತ್ತು.

ಮಕ್ಕಳು ಕಲಿತದ್ದನ್ನು ಒಂದೊಂದಾಗಿ ಓದಿದ. ಒತ್ತಕ್ಷರ ತಪ್ಪದೆ ಓದುತ್ತಾರೆ. ದಶಕ ತೆಗೆದುಕೊಂಡು ಕಳೆಯುತ್ತಾರೆ, ಹತ್ತರವರೆಗೂ ಮಗ್ಗಿ ಬಾಯಿಪಾಠ. ಇಂಗ್ಲಿಷಿನಲ್ಲಿ ಹಣ್ಣುಗಳ ಹೆಸರು, ವಾರಗಳ ಹೆಸರು. ಬೇರು, ಕಾಂಡ, ಎಲೆಗಳ ಕೆಲಸ, ಮಳೆ ಬರುವ ಬಗೆ, ಊರಿನ ನಕ್ಷೆ.

"ಎಲ್ಲಾರಿಗೂ ಬರ್ತದೇನು?" ಎಂದರು ಅಕ್ಕೋರು.

"ಒಬ್ಬಾಕಿನ್ನ ಬಿಟ್ಟು. ಹುಲಿಗೆಮ್ಮ."

ಹುಲಿಗೆಮ್ಮ ಅಂಬಿಗರ ಯಮನೂರಪ್ಪನ ಮಗಳು. ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರುವುದಾದರೆ ಶಾಲೆಯೇ ಬೇಡ, ಮನೆಯಲ್ಲಿ ಕೂಸು ಆಡಿಸಲಿ ಎಂದು ಅಪ್ಪ ಹೇಳಿಬಿಟ್ಟಿದ್ದ. ಅದು ವಿರೂಪಣ್ಣನಿಗೂ ಗೊತ್ತಿತ್ತು.

"ನನಗೂ ಸಂಕಟ ಐತ್ರಿ ಅಕ್ಕೋರೇ," ಎಂದ. "ಆದ್ರ ಮೂರನೇದು ಮುಗಿಸಲಾರದಾಕಿ ನಾಕನೇದ್ರಾಗ ಏನ್ ಮಾಡ್ತಾಳ?"

ಅಕ್ಕೋರು ವಾದ ಮಾಡಲಿಲ್ಲ. ಹುಲಿಗೆಮ್ಮನನ್ನು ಕರೆಸಿದರು. ಈ ಮಾಸ್ತರರಿಗೆ ಹರಿಗೋಲು ನಡೆಸುವುದನ್ನು ಕಲಿಸು, ಸಂಜೆಯೊಳಗೆ ಅವರೇ ನಡೆಸಿಕೊಂಡು ಹೊಳೆ ದಾಟಬೇಕು, ಅದೇ ಪರೀಕ್ಷೆ ಎಂದರು.

ಬೇಸಿಗೆಯ ಹೊಳೆ, ಸೊಂಟಮಟ್ಟದ ನೀರು. ವಿರೂಪಣ್ಣ ದೋಣಿಯ ಚಿತ್ರ ನೋಡಿದವನು. ಚಿತ್ರದವರಂತೆ ಪಕ್ಕಕ್ಕೆ ಹುಟ್ಟು ಹಾಕಿದ. ಹರಿಗೋಲು ಬುಟ್ಟಿಯಂತೆ ದುಂಡಗಿನದು, ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಬೀಸುಕಲ್ಲಿನಂತೆ ಗರಗರ ತಿರುಗಿತು. ಜೋರು ಮಾಡಿದಷ್ಟೂ ಜೋರಾಗಿ ತಿರುಗಿತು.

ದಂಡೆಯ ಮೇಲಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು. ಹುಲಿಗೆಮ್ಮ ನಗಲಿಲ್ಲ. ಹುಟ್ಟನ್ನು ಪಕ್ಕಕ್ಕಲ್ಲ, ಮುಂದೆ ಹಾಕಿ ನೀರನ್ನು ತನ್ನ ಕಡೆ ಎಳೆದುಕೊಳ್ಳಬೇಕೆಂದು ತೋರಿಸಿದಳು. ಆತನಿಗೆ ಬರಲಿಲ್ಲ. ಮತ್ತೆ ತೋರಿಸಿದಳು. ಮಧ್ಯಾಹ್ನದ ಹೊತ್ತಿಗೆ ಆತನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ರುಮಾಲು ಸುತ್ತಿ ಇನ್ನೊಮ್ಮೆ ತೋರಿಸಿದಳು.

ಸಂಜೆ ಅಕ್ಕೋರು ದಂಡೆಗೆ ಬಂದರು.

"ನಿನ್ನ ಶಿಷ್ಯ ಹೊಳಿ ದಾಟಿದನೇನು?"

"ಇಲ್ರಿ," ಎಂದಳು ಹುಲಿಗೆಮ್ಮ.

"ಹಂಗಾರ ನಾಪಾಸು ಅನ್ನೂಣೇನು?"

ಹುಡುಗಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮುಂಜಾನಿ ಬರೇ ತಿರಗತಿದ್ರು. ಈಗ ನೀರಾಗಿನ ಆ ಕರಿ ಬಂಡಿಗಲ್ಲಿನ ತನಕ ನೆಟ್ಟಗ ಹೋಗ್ಯಾರ. ನಾಳಿ ನಡೂಹೊಳಿಗೆ ಹೋಗ್ತಾರ್ರಿ."

ವಿರೂಪಣ್ಣ ತಲೆ ತಗ್ಗಿಸಿದ. ಒಂದು ವರ್ಷದಲ್ಲಿ ಈ ಹುಡುಗಿಯ ಬಗ್ಗೆ ಆತ ಇಂಥ ಮಾತು ಒಮ್ಮೆಯೂ ಆಡಿರಲಿಲ್ಲ.

ಒದ್ದೆ ಬಟ್ಟೆಯಲ್ಲೇ ದಂಡೆಯ ಮೇಲೆ ಕುಳಿತು, ದಾಖಲೆ ಪುಸ್ತಕ ತರಿಸಿ ತೆರೆದ. ಜೂನ್‌ನಲ್ಲಿ ಹುಲಿಗೆಮ್ಮ ಪುಸ್ತಕವನ್ನು ತಲೆಕೆಳಗಾಗಿ ಹಿಡಿಯುತ್ತಿದ್ದಳು. ಈಗ ಒಂದೊಂದೇ ಅಕ್ಷರ ಕೂಡಿಸಿ ತನ್ನಪ್ಪನ ಹೆಸರು ಓದುತ್ತಾಳೆ. ಬೆರಳು ಮಡಚಿಯಾದರೂ ಕೂಡುವ ಲೆಕ್ಕ ಸರಿಯಾಗಿ ಮಾಡುತ್ತಾಳೆ. ಊರಿನ ನಕ್ಷೆಯಲ್ಲಿ ತನ್ನ ಮನೆ ತೋರಿಸುತ್ತಾಳೆ. ಅಷ್ಟನ್ನೂ ಬರೆದ. ಕೆಳಗೆ, ನಾಲ್ಕನೆಯ ತರಗತಿಗೆ ಕಳುಹಿಸಬಹುದು ಎಂದು ಬರೆದು ಸಹಿ ಹಾಕಿದ.

ಹುಲಿಗೆಮ್ಮ ಅಪ್ಪನಿಗೆ ಹೇಳಲು ಓಡಿದಳು. ವಿರೂಪಣ್ಣ ಆಕೆ ಓಡಿದ ದಾರಿಯನ್ನೇ ನೋಡುತ್ತ ಕುಳಿತ. ಸಂತೋಷವಾಗಿತ್ತು, ಅಳುಕೂ ಇತ್ತು.

"ಅಕ್ಕೋರೇ, ನಾಕನೇದ್ರಾಗೂ ಆಕಿ ಹಿಂದ ಬಿದ್ದರ?"

ಅಕ್ಕೋರು ಏಳುತ್ತ ಸೀರೆಯ ಮರಳು ಕೊಡವಿದರು.

"ಅದಕ್ಕ, ನಿನ್ನೂ ನಾಕನೇ ಕ್ಲಾಸಿಗೆ ಹಾಕೀನಿ."