ಕುಚ್ಚು ಮೀನು ಮೇಲೆ ಬಂದು ಕೈ ನೋಡುವುದು ಯಾಕೆ

ನೆಲ ಇನ್ನೂ ಹಸಿಯಾಗಿತ್ತು, ಕೂಸು. ಬೆಟ್ಟವನ್ನು ಒತ್ತಿದರೆ ಬೆರಳಿನ ಗುರುತು ಮೂಡೋದು. ಸೂರ್ಯನಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಕೆರೆಯ ಈಚೆ ಮುಳುಗೋನು, ಒಂದು ದಿನ ಆಚೆ.

ಆಗಿನ ಮಾತು ಇದು.

ನಿಮ್ಮಜ್ಜಿಯ ಕತೆ. ಅವಳು ಹೇಳಿದರೆ ಚೆಂದ ಇರೋದು. ಕೈ ಆಡಿಸಿ ಹೇಳೋಳು, ಮೀನಿನ ಥರ. ನನಗೆ ಅಷ್ಟು ಬರೋದಿಲ್ಲ. ನೆನಪಿರೋಷ್ಟು ಹೇಳ್ತೀನಿ.

ನಿಮ್ಮಪ್ಪ ತಂದ ಗಾಳದ ಹೊಸ ರೀಲು ಕೆಳಗಿಡು, ಸಂಪು. ಆ ರಬ್ಬರ್ ಕಪ್ಪೆಗಳನ್ನೂ ಇಡು. ಗಾಳಕ್ಕೆ ಹಸಿರು ಕಪ್ಪೆ ಕಟ್ಟಲಾ, ಕಪ್ಪು ಕಟ್ಟಲಾ ಅಂತ ಕೇಳಿದೆಯಲ್ಲ. ಅದೂ ಈ ಕತೆಯಲ್ಲೇ ಇದೆ.

ಆಗ ಕೆರೆ ದಂಡೆಯಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ ಇದ್ದರು. ಗಂಡನ ಹೆಸರು ಮುದ್ದ. ಹೆಂಡತಿ ಚೆಲುವಿ. ಗೆಡ್ಡೆ ಗೆಣಸು ತಿಂದು ಬದುಕಿದ್ದರು. ಮೀನು ತಿನ್ನಬಹುದು ಅಂತ ಯಾರಿಗೂ ಗೊತ್ತಿರಲಿಲ್ಲ.

ಚೆಲುವಿ ಒಂದು ಕೂಸು ಹೆತ್ತಳು. ಎದೆಯಲ್ಲಿ ಹಾಲು ಬರಲಿಲ್ಲ. ಕೂಸು ಅತ್ತಿತು. ಅಳು ನೀರಿನ ಮೇಲೆ ಹೋಯಿತು.

"ಯಾರದು ಅಳೋದು?" ಅಂತ ಗಾಳಿ ಕೇಳಿತು.

"ಮುದ್ದನ ಮನೆ ಕೂಸು" ಅಂತ ಕೆರೆ ಹೇಳಿತು. "ಹಾಲಿಲ್ಲ."

"ಮದ್ದಿಲ್ವಾ?"

ಮದ್ದು ಕೆರೆಗೆ ಗೊತ್ತಿತ್ತು. ಹೇಳೋಕೆ ಮನಸ್ಸಿರಲಿಲ್ಲ. ಮದ್ದು ಅದರ ಹೊಟ್ಟೆಯೊಳಗೇ ಇತ್ತು.

ಕೂಸು ಮತ್ತೆ ಅತ್ತಿತು. ಈಗ ಅಳು ಸಣ್ಣದಾಗಿತ್ತು. ಸಣ್ಣ ಅಳು ಕೇಳೋಕಾಗಲಿಲ್ಲ ಕೆರೆಗೆ.

"ಕುಚ್ಚು ಮೀನಿನ ಸಾರು" ಅಂದಿತು. "ಬಾಣಂತಿ ಒಂದು ಬಟ್ಟಲು ಕುಡಿದರೆ ಸಾಕು."

ಗಾಳಿ ಓಡಿ ಹೋಗಿ ಮುದ್ದನ ಕಿವಿಯಲ್ಲಿ ಹೇಳಿತು.

ಹೇಳೋದು ಸುಲಭ. ಹಿಡಿಯೋದು ಹೇಗೆ? ಕುಚ್ಚು ಮೀನು ಕೆರೆಯ ತಳದಲ್ಲಿ ಇರೋದು. ಹಾವಿನ ತಲೆ, ಕಪ್ಪು ಮೈ, ಬಾಯಿ ತುಂಬ ಹಲ್ಲು. ಆಗ ಅದು ಮೇಲೆ ಬರ್ತಾನೇ ಇರಲಿಲ್ಲ. ಎಲ್ಲಾ ಮೀನಿನ ಹಾಗೆ ನೀರಲ್ಲೇ ಉಸಿರಾಡೋದು.

ಮುದ್ದ ಬಿದಿರಿನ ಹತ್ತಿರ ಹೋದ.

"ನನ್ನ ಕಡಿ" ಅಂತು ಬಿದಿರು. "ನನಗೆ ಬಗ್ಗೋದು ಗೊತ್ತು. ಮುರಿಯೋದು ಗೊತ್ತಿಲ್ಲ."

ಜಾಲಿ ಮರ ಒಂದು ಮುಳ್ಳು ಕೊಟ್ಟಿತು. ಅದೇ ಗಾಳ.

ದಾರಕ್ಕೆ ಜೇಡನ ಹತ್ತಿರ ಹೋದ.

"ನನ್ನ ದಾರ ನೊಣಕ್ಕೆ ಸಾಕು, ಮೀನಿಗೆ ಸಾಲದು" ಅಂದಿತು ಜೇಡ. "ಹೋಗಪ್ಪ, ನನ್ನ ಮನೆ ಹರೀಬೇಡ."

ಬಾಳೆ ನಾರನ್ನು ಕೇಳಿದ.

"ಒಣಗಿದ್ರೆ ನಾನು ಗಟ್ಟಿ. ನೆನೆದ್ರೆ ನನ್ನ ನಂಬಬೇಡ" ಅಂದಿತು ಬಾಳೆ.

ಮುದ್ದ ಬರಿಗೈಲಿ ಮನೆಗೆ ಬಂದ. ಚೆಲುವಿ ತಲೆ ಬಾಚುತ್ತಿದ್ದಳು. ಹೆತ್ತ ಮೇಲೆ ಕೂದಲು ಉದುರುತ್ತಿತ್ತು. ಉದುರಿದ್ದನ್ನು ಉಂಡೆ ಮಾಡಿ ಗೋಡೆ ಸಂದಿಗೆ ಸಿಕ್ಕಿಸುತ್ತಿದ್ದಳು.

"ಏನು ಹೀಗೆ ಕೂತೆ?" ಅಂದಳು.

"ದಾರ ಇಲ್ಲ ಕಣೇ."

ಚೆಲುವಿ ಗೋಡೆ ಸಂದಿಯಿಂದ ಉಂಡೆಗಳನ್ನೆಲ್ಲ ಕಿತ್ತು ಅವನ ಮಡಿಲಿಗೆ ಹಾಕಿದಳು. "ಹೊಸಿ" ಅಂದಳು.

ಮುದ್ದ ತೊಡೆ ಮೇಲಿಟ್ಟು ಹೊಸೆದ. ಸಣ್ಣ ದಾರ ಆಯಿತು. ಎಳೆದು ನೋಡಿದ. ಹರಿಯಲಿಲ್ಲ. ನೀರಲ್ಲಿ ಅದ್ದಿದ. ಕಾಣಲಿಲ್ಲ. ಕಾಣದೇ ಇರೋ ದಾರ, ಹರಿಯದೇ ಇರೋ ದಾರ. ದಾರ ಅಂದ್ರೆ ಅಷ್ಟೇ ಬೇಕಾದ್ದು ಕೂಸು, ಇವತ್ತಿಗೂ.

ನಿಮ್ಮಜ್ಜಿಯೂ ಹಾಗೇ ಸಿಕ್ಕಿಸೋಳು. ಮೊನ್ನೆ ಹಿತ್ತಿಲ ಗೋಡೆಗೆ ಸುಣ್ಣ ಹೊಡೆಯುವಾಗ ಒಂದು ಉಂಡೆ ಸಿಕ್ತು. ಅದೊಂದು ಜಾಗ ಬಿಟ್ಟು ಹೊಡೆದೆ.

ಇರಲಿ. ಕತೆ ಕೇಳು.

ಮುದ್ದ ದಾರ ಬೀಸಿದ. ದಾರ ಕಾಲಿಗೆ ಸುತ್ತಿಕೊಂಡಿತು. ದೊಪ್ ಅಂತ ಬಿದ್ದ.

ಕೊಂಬೆ ಮೇಲೆ ಮಿಂಚುಳ್ಳಿ ಕೂತಿತ್ತು. ನಕ್ಕಿತು. "ಏನಣ್ಣ, ಮೀನು ಹಿಡೀತೀಯೋ, ನಿನ್ನನ್ನೇ ಹಿಡ್ಕೋತೀಯೋ?"

"ನಗು, ನಗು. ನಿನಗೆ ಕೊಕ್ಕಿದೆ" ಅಂದ ಮುದ್ದ.

ಕಲ್ಲಿನ ಮೇಲೆ ಬಸವನಹುಳು ಹೋಗುತ್ತಿತ್ತು. ನಿಂತಿತು. ಅದಕ್ಕೆ ನಿಲ್ಲೋದು, ನಡೆಯೋದು ಎರಡೂ ಒಂದೇ.

"ನನ್ನ ಬೆನ್ನು ನೋಡು" ಅಂದಿತು. "ಎಷ್ಟು ಉದ್ದದ ಮನೆ, ಎಷ್ಟು ಚಿಕ್ಕದಾಗಿ ಸುತ್ತಿದ್ದೀನಿ. ದಾರಾನೂ ಹಾಗೇ ಸುತ್ತು. ಮೀನು ಎಳೆದಾಗ ಬಿಡು. ಸುಮ್ಮನಾದಾಗ ಸುತ್ತು. ಬಿಡು, ಸುತ್ತು. ಬಿಡು, ಸುತ್ತು. ಅವಸರ ಮಾಡಿದೆಯೋ, ದಾರಾನೂ ಹೋಯ್ತು, ಮೀನೂ ಹೋಯ್ತು."

ಮುದ್ದ ಮರದ ರಾಟೆ ಕೆತ್ತಿ ದಾರ ಸುತ್ತಿದ. ನಿನ್ನ ರೀಲು ಇದೆಯಲ್ಲ, ಅದು ಆ ರಾಟೆಯ ಮೊಮ್ಮಗಳು.

ಇನ್ನು ಗಾಳಕ್ಕೆ ಕಟ್ಟೋಕೆ ಏನಾದರೂ ಬೇಕು.

ಎರೆಹುಳು ಅಂದಿತು: "ಇಡೀ ನೆಲ ಉಳೋನು ನಾನೊಬ್ಬ. ನನ್ನ ಬಿಟ್ಬಿಡು."

ಕಪ್ಪೆ ಅಂದಿತು: "ನಾನು ಮಳೆ ಕರೀಬೇಕು, ಪುರುಸೊತ್ತಿಲ್ಲ. ಬೇಕಿದ್ರೆ ನನ್ನಂಥದ್ದೇ ಒಂದು ಮಾಡ್ಕೊ."

ಚೆಲುವಿ ಹಳೇ ಬಟ್ಟೆ ಹರಡಿಕೊಂಡು ಕೂತಳು. ಕಪ್ಪೆ ಹೊಲೆಯಬೇಕು.

"ಬಿಳೀದು ಹೊಲಿ" ಅಂದ ಮುದ್ದ. "ಚೆನ್ನಾಗಿ ಕಾಣುತ್ತೆ."

"ಯಾರಿಗೆ, ನಿನಗಾ ಮೀನಿಗಾ?"

ಮುದ್ದ ಬಿಳೀ ಬಟ್ಟೆ ಪಕ್ಕಕ್ಕಿಟ್ಟ.

"ಇವತ್ತು ನೀರು ಹೇಗಿದೆ?" ಅಂದಳು ಚೆಲುವಿ.

"ಕೆಸರು. ಮಳೆ ಬಂದಿದೆಯಲ್ಲ."

"ಹಾಗಾದ್ರೆ ಕಪ್ಪು. ಕಲಕಿದ ನೀರಿಗೆ ಕಪ್ಪು, ತಿಳಿ ನೀರಿಗೆ ಹಸಿರು. ಕೆಳಗಿಂದ ನೋಡೋರಿಗೆ ಮೇಲಿರೋದು ನೆರಳಾಗೇ ಕಾಣೋದು."

ನಿಮ್ಮಜ್ಜಿ ಇಷ್ಟು ಹೇಳಿ ನನ್ನ ಕಡೆ ನೋಡೋಳು. ಮದುವೆಯಾದ ಹೊಸದರಲ್ಲಿ ನಾನೂ ಬಿಳೀ ಕಪ್ಪೆ ಕಟ್ಟಿದ್ದೆ. ಇದೇ ಕೆರೆಗೆ. ಸಂಜೆವರೆಗೂ ಕೂತೆ. ಒಂದು ಮೀನೂ ಮುಟ್ಟಲಿಲ್ಲ. ಅವಳು ಬುತ್ತಿ ತಂದು ಪಕ್ಕದಲ್ಲಿ ಕೂತು ನಗ್ತಾ ಇದ್ದಳು. ಆ ನಗುವಿಗೇ ಮೀನೆಲ್ಲ ಓಡಿಹೋದವು ಅಂತ ನಾನಂದೆ.

ಮುದ್ದ ಕಪ್ಪು ಕಪ್ಪೆ ಕಟ್ಟಿಕೊಂಡು ಕೆರೆಗೆ ಬಂದ. ತಾವರೆ ಎಲೆಗಳ ನಡುವೆ ಎಸೆದ.

ಈಗ ನೀರೊಳಗೆ ನೋಡು.

ಅಲ್ಲಿ ಕುಚ್ಚಣ್ಣ, ಕುಚ್ಚಕ್ಕ ಅಂತ ಗಂಡ ಹೆಂಡತಿ ಇದ್ದರು. ಅವರಿಗೂ ಕೂಸುಗಳು. ಒಂದೆರಡಲ್ಲ, ಒಂದು ಮೊರದ ತುಂಬ. ಆಗ ಅವಕ್ಕೆ ಬಣ್ಣ ಇರಲಿಲ್ಲ. ಕೆಸರಿನ ಹಾಗೇ ಇದ್ದವು. ಕೆಸರಲ್ಲಿ ಕೆಸರು.

ಕುಚ್ಚಣ್ಣ ಊಟ ಹುಡುಕಿಕೊಂಡು ಆಚೆ ದಡಕ್ಕೆ ಹೋಗಿದ್ದ. ಕುಚ್ಚಕ್ಕ ಮರಿ ಕಾಯುತ್ತಿದ್ದಳು.

ಮರಿಗಳ ಮೇಲೆ ದಪ್ ಅಂತ ಏನೋ ಬಿತ್ತು.

ಕುಚ್ಚಕ್ಕನಿಗೆ ಹಸಿವಿರಲಿಲ್ಲ, ಕೂಸು. ಇದನ್ನ ನೆನಪಿಟ್ಟುಕೋ. ಹಸಿವಿರಲಿಲ್ಲ. ಮರಿಗಳ ಮೇಲೆ ಬಿದ್ದಿದ್ದನ್ನ ಓಡಿಸೋಕೆ ಎದ್ದಳು. ಕಚ್ಚಿದಳು.

ದಾರ ಜಗ್ಗಿತು. ಮುದ್ದ ಬಿಟ್ಟ, ಸುತ್ತಿದ. ಬಿಟ್ಟ, ಸುತ್ತಿದ. ಬಿದಿರು ಬಗ್ಗಿತು, ಮುರಿಯಲಿಲ್ಲ. ಚೆಲುವಿಯ ಕೂದಲು ಹರಿಯಲಿಲ್ಲ. ಕುಚ್ಚಕ್ಕ ಸುಸ್ತಾದಳು. ದಂಡೆಗೆ ಬಂದಳು. ಮುದ್ದ ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದ.

ಕುಚ್ಚಣ್ಣನಿಗೆ ಸುದ್ದಿ ಮುಟ್ಟಿತು. ಬಂದ. ತಳದಲ್ಲಿ ಹುಡುಕಿದ, ಸಿಗಲಿಲ್ಲ. ಎಲೆ ಕೆಳಗೆ ಹುಡುಕಿದ, ಸಿಗಲಿಲ್ಲ. ಆಮೇಲೆ ಯಾವ ಮೀನೂ ಮಾಡದ ಕೆಲಸ ಮಾಡಿದ. ನೀರು ಸೀಳಿಕೊಂಡು ಮುಖ ಹೊರಗಿಟ್ಟ.

"ಅಣ್ಣ, ಅವಳು ನನ್ನ ಹೆಂಡ್ತಿ. ಬಿಡು."

"ನನಗೂ ಹೆಂಡ್ತಿ ಇದ್ದಾಳೆ" ಅಂದ ಮುದ್ದ. "ಕೂಸಿಗೆ ಹಾಲಿಲ್ಲ. ನಾಳೆವರೆಗೆ ಇರುತ್ತೋ ಇಲ್ಲವೋ."

"ನನಗೂ ಕೂಸುಗಳಿವೆ."

"ಎಲ್ಲಿ?"

"ಅಗೋ, ನಿನ್ನ ಕಾಲ ಹತ್ತಿರ."

ಮುದ್ದ ಬಗ್ಗಿ ನೋಡಿದ. ಕೆಸರು ಕಂಡಿತು. "ಸುಳ್ಳು ಹೇಳ್ತೀಯಾ?" ಅಂದ. ಮನೆ ಕಡೆಯಿಂದ ಕೂಸು ಅತ್ತಿತು. ಅವನು ಓಡಿದ.

"ತಾತ, ಮುದ್ದ ಕೆಟ್ಟೋನಾ?" ಅಂತೀಯಾ? ನಿಮ್ಮಪ್ಪನೂ ಚಿಕ್ಕವನಿದ್ದಾಗ ಕೇಳಿದ್ದ. ನಿಮ್ಮಜ್ಜಿ ಹೇಳೋಳು, "ಕೆಟ್ಟೋನಲ್ಲ, ಕಾಣದೋನು."

ಚೆಲುವಿ ಸಾರು ಕುಡಿದಳು. ಹಾಲು ಬಂತು. ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ನಾವೆಲ್ಲ ಆ ಕೂಸಿನ ಮಕ್ಕಳು ಮೊಮ್ಮಕ್ಕಳು. ನಮ್ಮೆಲ್ಲರ ಬಾಯಲ್ಲೂ ಆ ಹಾಲು ಇದೆ.

ಬೆಳಿಗ್ಗೆ ಚೆಲುವಿ ಕೂಸಿನ ಬಟ್ಟೆ ಒಗೆಯೋಕೆ ಕೆರೆಗೆ ಬಂದಳು. ಗುಳುಕ್ ಅಂತು ನೀರು. ಒಂದು ಕಪ್ಪು ಮುಖ ಮೇಲೆ ಬಂತು. ಅವಳ ಕೈ ನೋಡಿತು. ಒಂದು ಗುಟುಕು ಗಾಳಿ ನುಂಗಿ ಕೆಳಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಮತ್ತೆ ಗುಳುಕ್. ಮತ್ತೆ ಕೈ ನೋಡಿತು. ಹೋಯಿತು.

"ಏನು ನೋಡ್ತೀಯಣ್ಣ ನನ್ನ ಕೈಲಿ?"

"ಮರಿಗಳಿವೆ ಅಂದ್ರೂ ಕೇಳದೆ ನನ್ನ ಹೆಂಡ್ತೀನ ಕೈಯಲ್ಲೇ ಎತ್ಕೊಂಡು ಹೋದ್ರು. ಕೈಯಲ್ಲೇ ವಾಪಸ್ ತರ್ತಾರೇನೋ ಅಂತ."

ಚೆಲುವಿ ಒಗೆಯೋ ಬಟ್ಟೆ ಅಲ್ಲೇ ಬಿಟ್ಟು ಎದ್ದಳು.

ಮನೆಗೆ ಬಂದು ಗಂಡನ ಮುಂದೆ ನಿಂತಳು. "ಮರಿ ಇದ್ವಂತೆ. ಕಣ್ಣಿತ್ತಾ ನಿನಗೆ?"

"ಇತ್ತು ಕಣೇ. ಕಾಣಲಿಲ್ಲ. ಕೆಸರಿನ ಬಣ್ಣ."

"ಅವನು ಹೇಳಿದ್ನಂತಲ್ಲ!"

"ಹೇಳಿದ. ನಮ್ಮ ಕೂಸು ಅಳ್ತಾ ಇತ್ತು."

ಚೆಲುವಿ ಬಗ್ಗಿ ಕೂಸನ್ನು ನೋಡಿದಳು. ಕೂಸು ಎದೆಯಲ್ಲಿತ್ತು, ಹಾಲು ಕುಡೀತಾ ಇತ್ತು.

ಅವಳು ಕುಂಕುಮದ ಭರಣಿ ತಗೊಂಡಳು. ಕೆರೆಗೆ ಹೋದಳು. ಮೊಣಕಾಲುದ್ದ ನೀರಿಗಿಳಿದು, ಮರಿಗಳು ಇದ್ದ ಕಡೆ ಇಡೀ ಭರಣಿ ಸುರಿದಳು. ಮರಿಗಳೆಲ್ಲ ಕೆಂಪಾದವು. ನೀರಿನ ಮೇಲೆ ಒಂದು ಮೊರದಷ್ಟು ಕೆಂಪು.

"ಈಗ ಕಾಣುತ್ತಾ?" ಅಂತ ಗಂಡನನ್ನು ಕೇಳಿದಳು.

"ಕಾಣುತ್ತೆ."

"ಕೆಂಪು ಕಂಡಲ್ಲಿ ಗಾಳ ಬೀಳಬಾರದು. ನೀನಾಗಲಿ, ನಿನ್ನ ಮಕ್ಕಳಾಗಲಿ. ದೊಡ್ಡವಾದ ಮೇಲೆ ಕುಂಕುಮ ತೊಳೆದು ಹೋಗುತ್ತೆ, ಕಪ್ಪಾಗ್ತವೆ. ಆಗ ಅವುಂಟು, ನೀನುಂಟು."

ಮುದ್ದ ಕುಚ್ಚಣ್ಣನ ಮುಂದೆ ತಲೆ ತಗ್ಗಿಸಿ ನಿಂತ. ಕುಚ್ಚಣ್ಣ ಮೇಲೆ ಬಂದ. ಅವನ ಕೈ ನೋಡಿದ. ಕೆಳಗೆ ಹೋದ.

ಮರಿಗಳನ್ನು ಒಬ್ಬನೇ ಸಾಕಿದ. ದೂರ ಹೋಗಲಿಲ್ಲ. ನೀರಿಗೆ ಏನೇ ಬೀಳಲಿ, ಎಲೆ ಬೀಳಲಿ, ಕಪ್ಪೆ ಬೀಳಲಿ, ಹೋಗಿ ಕಚ್ಚಿದ. ಹಸಿವಿಗಲ್ಲ. ನಡುನಡುವೆ ಮೇಲೆ ಹೋಗಿ ನೋಡಿ ಬಂದ. ಹೋಗಿ ಹೋಗಿ ಮೇಲಿನ ಗಾಳಿಯೇ ಅಭ್ಯಾಸವಾಯಿತು. ನೀರಲ್ಲಿದ್ದ ಉಸಿರು ಸಾಲದೇ ಹೋಯಿತು.

ಮರಿಗಳು ಅಪ್ಪನನ್ನು ನೋಡಿ ಕಲಿತವು. ಅವುಗಳ ಮರಿಗಳೂ ಕಲಿತವು. ಈಗ ಗಂಡು ಹೆಣ್ಣು ಎರಡೂ ಸೇರಿ ಕಾಯ್ತವೆ. ಒಂದನ್ನ ಬಿಟ್ಟು ಒಂದು ಊಟಕ್ಕೂ ದೂರ ಹೋಗಲ್ಲ.

ಅಷ್ಟೇ ಕತೆ.

ನೀರು ತಿಳಿಯಾಗಿದೆ, ಅದಕ್ಕೆ ಹಸಿರು ಕಪ್ಪೆ ಕಟ್ಟಿದೆಯಾ? ಜಾಣೆ. ಎಸಿ. ಆ ಬಂಡೆ ಹತ್ತಿರ ಎಸಿ.

ಯಾಕೆ, ಎಸೆಯಲ್ವಾ?

"ತಾತ, ಅಲ್ಲಿ ಕೆಂಪಗಿದೆ."

ಹೌದು. ನನ್ನ ಕಣ್ಣಿಗೆ ಈಗ ಅಷ್ಟು ದೂರ ಕಾಣಲ್ಲ. ನಿನಗೆ ಕಾಣಿಸ್ತಲ್ಲ, ಸಾಕು. ದಾರ ಸುತ್ತು. ನಿಧಾನ, ಬಸವನಹುಳು ಹೇಳಿದ ಹಾಗೆ.

"ಕುಚ್ಚಕ್ಕ ಇನ್ನು ಬರಲ್ಲ ಅಲ್ವಾ ತಾತ?"

ಇಲ್ಲ ಕೂಸು.

"ಕುಚ್ಚಣ್ಣನಿಗೆ ಗೊತ್ತಿರಲಿಲ್ವಾ?"

ಗೊತ್ತಿತ್ತು.

"ಮತ್ಯಾಕೆ ನೋಡ್ತಿದ್ದ?"

ಇದನ್ನ ನಾನೂ ನಿಮ್ಮಜ್ಜಿಗೆ ಕೇಳಿದ್ದೆ. "ನೋಡೋಕೇನಂತೆ?" ಅಂದಿದ್ದಳು. ಆಗ ಅರ್ಥವಾಗಿರಲಿಲ್ಲ.

ಅಗೋ, ಗುಳುಕ್ ಅಂತು. ಅದಕ್ಕೇ ಕೂಸು, ಹುಟ್ಟಿದ್ದು ನೀರಲ್ಲೇ ಆದರೂ ಕುಚ್ಚು ಮೀನು ಇವತ್ತಿಗೂ ಗಳಿಗೆಗೊಮ್ಮೆ ಮೇಲೆ ಬರುತ್ತೆ, ಒಂದು ಗುಟುಕು ಗಾಳಿ ನುಂಗುತ್ತೆ, ದಂಡೆಯಲ್ಲಿ ನಿಂತವರ ಕೈ ನೋಡುತ್ತೆ, ಮತ್ತೆ ಕೆಳಗೆ ಹೋಗಿ ಮಕ್ಕಳನ್ನು ಕಾಯುತ್ತೆ.